ಒಲ್ಲದ ಯುದ್ಧಕ್ಕೆ ಹೂಂ ಅಂದವರು ಯಾರು?

1939ರ ಸೆಪ್ಟೆಂಬರ್ 3, ಭಾನುವಾರ. ಈ ಧಾರವಾಡ ಅವತ್ತು ಮುಂಬೈ ಪ್ರಾಂತ್ಯದ ಒಂದು ಜಿಲ್ಲೆ. ಗದಗ, ಹಾವೇರಿ ಎರಡೂ ಇದರ ಹೊಟ್ಟೆಯೊಳಗೇ ಇದ್ದವು. ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಆ ಭಾನುವಾರ ಬೆಳಗ್ಗೆ ಎದ್ದಾಗ ಯಾರ ಮೇಲೂ ಜಗಳವಿಲ್ಲದ ಈ ಜಿಲ್ಲೆ, ರಾತ್ರಿ ಮಲಗುವ ಹೊತ್ತಿಗೆ ಜರ್ಮನಿಯ ಮೇಲೆ ಯುದ್ಧ ಹೂಡಿತ್ತು. ವೈಸರಾಯ್ ಲಿನ್‌ಲಿತ್‌ಗೋ ಘೋಷಿಸಿದರು, ಆಯಿತು. ದಿಲ್ಲಿಯ ಶಾಸನಸಭೆಯನ್ನು ಕೇಳಲಿಲ್ಲ. ಮುಂಬೈಯಲ್ಲಿ ಓಟಿನಿಂದ ಬಂದಿದ್ದ ಬಿ.ಜಿ. ಖೇರ್ ಮಂತ್ರಿಮಂಡಲವನ್ನೂ ಕೇಳಲಿಲ್ಲ. ಸಿಟ್ಟಾದ ಕಾಂಗ್ರೆಸ್ ಮಂತ್ರಿಮಂಡಲಗಳು ಆ ವರ್ಷ ಮುಗಿಯುವುದರೊಳಗೆ ರಾಜೀನಾಮೆ ಕೊಟ್ಟವು. ಯುದ್ಧ ಮಾತ್ರ ಇನ್ನೂ ಆರು ವರ್ಷ ನಡೆಯಿತು.

‘ನಮ್ಮನ್ನ ಯಾರ ಕೇಳತಾರ್ರೀ’ ಅನ್ನುವ ಮಾತನ್ನು ನೀವೆಲ್ಲ ಕಟ್ಟೆಯ ಮೇಲೆ, ಬಸ್ಸಿನಲ್ಲಿ ದಿನಾ ಕೇಳುತ್ತೀರಿ. ಅದನ್ನು ನಾವು ಬೇಸರದ ಮಾತು ಅಂತ ಬಿಟ್ಟುಬಿಡುತ್ತೇವೆ. ಯುದ್ಧದ ವಿಷಯದಲ್ಲಿ ಅದು ಬೇಸರದ ಮಾತಲ್ಲ, ಕಾನೂನಿನ ಸ್ಥಿತಿ. ಎಲ್ಲಿ ಕೇಳುವುದಿಲ್ಲ, ಎಲ್ಲಿ ಕೇಳಿದಂತೆ ಮಾಡುತ್ತಾರೆ, ಎಲ್ಲಿ ನಿಜವಾಗಿ ಕೇಳಲೇಬೇಕು ಅನ್ನುವುದನ್ನು ಇವತ್ತು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ದುಡ್ಡು. 1939ರಲ್ಲಿ ಕೇಳದೇ ಯುದ್ಧಕ್ಕೆ ಇಳಿಸಿದವರು ದುಡ್ಡನ್ನು ಹೇಗೆ ಎತ್ತಿದರು? ಕಂದಾಯ ಹೆಚ್ಚಿಸಿದರೆ ರೈತ ತಿರುಗಿ ಬೀಳುತ್ತಾನೆ, ಅದು ಅವರಿಗೆ ಚೆನ್ನಾಗಿ ಗೊತ್ತು. ದಾರಿ ಬೇರೆ ಇತ್ತು. ಉದಾಹರಣೆಗೆ ಇಟ್ಟುಕೊಳ್ಳಿ: ಬ್ರಿಟಿಷ್ ಸೈನ್ಯಕ್ಕೆ ಡೇರೆಗಳು ಬೇಕು, ಡೇರೆಗೆ ಅರಿವೆ, ಅರಿವೆಗೆ ಹುಬ್ಬಳ್ಳಿ ಪ್ಯಾಟಿಯ ಅರಳೆ. ವ್ಯಾಪಾರಿಗೆ ರೂಪಾಯಿಯಲ್ಲಿ ಹಣ ಸಿಗುತ್ತದೆ. ಆದರೆ ಬ್ರಿಟನ್ ಆ ರೂಪಾಯಿಯನ್ನು ಕೊಡುವುದಿಲ್ಲ. ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಭಾರತದ ಹೆಸರಿಗೆ ಇಷ್ಟು ಪೌಂಡ್ ಅಂತ ಬರೆದುಕೊಳ್ಳುತ್ತದೆ. ಪೌಂಡ್ ಸಾಲಪತ್ರ ಕೈಯಲ್ಲಿದ್ದರೆ ಅದರ ಮೇಲೆ ನೋಟು ಹೊರಡಿಸಬಹುದು ಅಂತ 1934ರ ರಿಸರ್ವ್ ಬ್ಯಾಂಕ್ ಕಾಯ್ದೆ ಒಪ್ಪಿತ್ತು. ಒಂದು ಪೌಂಡಿಗೆ 13 ರೂಪಾಯಿ ಚಿಲ್ಲರೆ ಲೆಕ್ಕದಲ್ಲಿ ಇಲ್ಲಿ ನೋಟು ಅಚ್ಚಾಗುತ್ತಾ ಹೋಯಿತು. ಯುದ್ಧದ ಮೊದಲು ಚಲಾವಣೆಯಲ್ಲಿದ್ದ ನೋಟು ಸುಮಾರು 180 ಕೋಟಿ ರೂಪಾಯಿ. ಯುದ್ಧ ಮುಗಿದಾಗ ಅದರ ಆರು ಪಟ್ಟಿಗೂ ಹೆಚ್ಚು. ಅರಳೆ ಹೋಯಿತು, ಅರಿವೆ ಹೋಯಿತು, ಕಾಳು ಹೋಯಿತು, ಊರಲ್ಲಿ ಉಳಿದದ್ದು ನೋಟು. ಸಾಮಾನು ಕಡಿಮೆ, ನೋಟು ಜಾಸ್ತಿ ಆದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕಂದಾಯವಾದರೆ ಚಾವಡಿಯಲ್ಲಿ ಕೂತು ವಾದ ಮಾಡಬಹುದು, ತಲಾಠಿಯ ಹತ್ತಿರ ತಕರಾರು ತೆಗೆಯಬಹುದು. ಜೋಳದ ದರದ ಹತ್ತಿರ ಯಾವ ತಕರಾರು ತೆಗೆಯುತ್ತೀರಿ? ಯುದ್ಧದ ಕೊನೆಗೆ ಬ್ರಿಟನ್ ನಮಗೆ ಕೊಡಬೇಕಾಗಿದ್ದ ಬಾಕಿ ಸುಮಾರು 130 ಕೋಟಿ ಪೌಂಡ್. ಅಷ್ಟೂ ನಮ್ಮ ಜನ ಉಣ್ಣದೇ ಉಡದೇ ಬಿಟ್ಟದ್ದರ ಲೆಕ್ಕ.

1940ರ ವೈಯಕ್ತಿಕ ಸತ್ಯಾಗ್ರಹದ ಘೋಷಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬ್ರಿಟಿಷರ ಯುದ್ಧಕ್ಕೆ ಜನರನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು ಅನ್ನುವುದು ಅದರ ತಿರುಳು. ಜನ ಮತ್ತು ಹಣ, ಎರಡೇ. ಯಾವ ಯುದ್ಧಕ್ಕಾದರೂ ಈ ಎರಡನ್ನು ಯಾರಿಂದಲೋ ತೆಗೆದುಕೊಳ್ಳಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು ಕಂದಾಯದ ಹಣ ಇಟ್ಟಿದ್ದ ಜಾಗದ ಮೇಲೆ ದಾಳಿ ಮಾಡಿದಾಗ. ಸರ್ಕಾರದ ಜೀವ ಎಲ್ಲಿದೆ ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಇನ್ನು ನಮ್ಮ ಸಂವಿಧಾನ. ಏಳನೆಯ ಅನುಸೂಚಿಯ ಮೊದಲ ಪಟ್ಟಿ ತೆಗೆದರೆ 15ನೆಯ ನಮೂದು: ‘ಯುದ್ಧ ಮತ್ತು ಶಾಂತಿ’. ಅಂದರೆ ಇದು ಕೇಂದ್ರದ ವಿಷಯ. 53ನೆಯ ಅನುಚ್ಛೇದ ಸೇನೆಯ ಪರಮೋಚ್ಚ ಅಧಿಪತ್ಯವನ್ನು ರಾಷ್ಟ್ರಪತಿಗೆ ಕೊಡುತ್ತದೆ. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಯುದ್ಧಕ್ಕೆ ಹೋಗುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕು ಅನ್ನುವ ಸಾಲನ್ನು ಹುಡುಕಿ. ಇಡೀ ಸಂವಿಧಾನದಲ್ಲಿ ಸಿಗುವುದಿಲ್ಲ. ವೈಸರಾಯ್ ಹೋದರು, ಅವರು ಕೂತಿದ್ದ ಕುರ್ಚಿಯ ಈ ಒಂದು ಕಾಲು ಹಾಗೇ ಉಳಿಯಿತು.

ಸಂಸತ್ತಿಗೆ ಹೋಗಲೇಬೇಕಾದದ್ದು ತುರ್ತು ಪರಿಸ್ಥಿತಿಯ ಘೋಷಣೆ, 352ನೆಯ ಅನುಚ್ಛೇದ. ಅದೂ ಘೋಷಿಸಿದ ಮೇಲೆ. ಮೊದಲು ಎರಡು ತಿಂಗಳ ಅವಕಾಶವಿತ್ತು. 1978ರ 44ನೆಯ ತಿದ್ದುಪಡಿ ಅದನ್ನು ಒಂದು ತಿಂಗಳಿಗೆ ಇಳಿಸಿ, ವಿಶೇಷ ಬಹುಮತ ಬೇಕು ಅಂದಿತು. ಅದಕ್ಕೂ ಮೊದಲು ಹೇಗಿತ್ತು? 1962ರ ಚೀನಾ ಯುದ್ಧ ನಡೆದದ್ದು ಒಂದು ತಿಂಗಳು. ಅದಕ್ಕಾಗಿ ಅಕ್ಟೋಬರ್ 26ಕ್ಕೆ ಹೇರಿದ ತುರ್ತು ಪರಿಸ್ಥಿತಿ ಎದ್ದದ್ದು 1968ರ ಜನವರಿ 10ಕ್ಕೆ. 1971ರ ಯುದ್ಧ ಹದಿನೈದು ದಿನವೂ ಇಲ್ಲ. ಅದರ ತುರ್ತು ಪರಿಸ್ಥಿತಿ 1977ರ ಮಾರ್ಚ್‌ವರೆಗೆ. ಮದುವೆ ಮುಗಿದು ಐದು ವರ್ಷವಾದರೂ ಹಂದರ ಬಿಚ್ಚದ ಹಾಗೆ.

ನಮ್ಮ ದೇಶಕ್ಕೆ ಬೇಡವಾದ ಯುದ್ಧ ಯಾವುದು ಅಂತ ಕೇಳಿದರೆ ಇವತ್ತಿನ ಹುಡುಗರಿಗೆ ಹೆಸರೇ ನೆನಪಾಗುವುದಿಲ್ಲ. ಶ್ರೀಲಂಕಾ. 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಬೇಕಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಒಪ್ಪಂದಗಳಿಗೆ ಅದು ಬೇಕಿಲ್ಲ. ಮರುದಿನವೇ ಗೌರವ ರಕ್ಷೆಯ ಸಾಲಿನಲ್ಲಿದ್ದ ಸಿಂಹಳ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಗಾಂಧಿಯವರ ಮೇಲೆ ಬೀಸಿದ. ಕಾವಲು ನಿಲ್ಲಲು ಹೋದ ನಮ್ಮ ಶಾಂತಿಪಾಲನಾ ಪಡೆ ಅಕ್ಟೋಬರ್ ಹೊತ್ತಿಗೆ, ತಮಿಳರ ಪ್ರತ್ಯೇಕ ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಮೇಲೆ ಯುದ್ಧವನ್ನೇ ಮಾಡುತ್ತಿತ್ತು. ಶಾಂತಿಪಾಲನೆ ಯಾವ ದಿನ ಯುದ್ಧವಾಯಿತು? ಆ ದಿನ ಯಾವ ಸದನದಲ್ಲಿ ಮತ ಹಾಕಿದರು? ಹಾಕಲೇ ಇಲ್ಲ.

ಅಕ್ಟೋಬರ್ 11ರ ರಾತ್ರಿ ಏನಾಯಿತು ನೋಡಿ. ಎಲ್‌ಟಿಟಿಇ ನಾಯಕರು ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದಾರೆ, ಹೆಲಿಕಾಪ್ಟರಿನಿಂದ ಫುಟ್‌ಬಾಲ್ ಮೈದಾನದಲ್ಲಿ ಸೈನಿಕರನ್ನು ಇಳಿಸಿ ಹಿಡಿಯಬೇಕು ಅನ್ನುವುದು ಯೋಜನೆ. ಮೊದಲು ಕಮಾಂಡೊಗಳು, ಅವರ ಹಿಂದೆ 13ನೆಯ ಸಿಖ್ ಲೈಟ್ ಇನ್‌ಫೆಂಟ್ರಿ, ಸರದಿಯ ಮೇಲೆ ಸರದಿ. ಆದರೆ ನಮ್ಮ ರೇಡಿಯೋ ಮಾತನ್ನು ಅತ್ತ ಕಡೆ ಕದ್ದು ಕೇಳಿದ್ದರು. ಮೈದಾನದ ಸುತ್ತ ಮೆಷಿನ್‌ಗನ್ ಇಟ್ಟುಕೊಂಡು ಕಾಯುತ್ತಿದ್ದರು. ಒಂದೆರಡು ಸರದಿಯಲ್ಲೇ ಹೆಲಿಕಾಪ್ಟರುಗಳಿಗೆ ಗುಂಡು ಬಿದ್ದು, ಮುಂದಿನ ಸರದಿ ನಿಂತುಹೋಯಿತು. ಸಿಖ್ ದಳದಲ್ಲಿ ಇಳಿದದ್ದು 30 ಜನ. ಉಳಿದವರು ಬರುತ್ತಾರೆ ಅಂತ ಅವರು ಕಾದರು. ಬೆಳಗಾಗಿ, ಗುಂಡು ಮುಗಿದು, 29 ಜನ ಸತ್ತರು, ಒಬ್ಬ ಸೆರೆಸಿಕ್ಕ. ಇದು ಆ ಯುದ್ಧದ ಮೊದಲ ವಾರ. ನಮ್ಮ ಪಡೆ ಅಲ್ಲಿ ಇದ್ದದ್ದು ಮೂವತ್ತೆರಡು ತಿಂಗಳು, ಸತ್ತ ನಮ್ಮ ಸೈನಿಕರು ಸುಮಾರು 1,200. ಸತ್ತ ತಮಿಳು ನಾಗರಿಕರ ಲೆಕ್ಕವನ್ನು ನಾವು ಇಡಲೇ ಇಲ್ಲ.

1989ರ ಜೂನ್‌ನಲ್ಲಿ, ಸ್ವತಃ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ, ನಿಮ್ಮ ಸೈನ್ಯವನ್ನು ಕರೆದುಕೊಂಡು ಹೋಗಿ ಅಂದರು. ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್ 24ಕ್ಕೆ, ದಿಲ್ಲಿಯಲ್ಲಿ ಸರ್ಕಾರ ಬದಲಾದ ಮೇಲೆ. ಮದ್ರಾಸಿನ ಬಂದರಿನಲ್ಲಿ ಬಂದಿಳಿದ ಪಡೆಯನ್ನು ಎದುರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಅದು ಸರಿಯೋ ತಪ್ಪೋ, ನೀವು ಹೇಳಿ. ನನ್ನ ಮಟ್ಟಿಗೆ, ಕಳಿಸಿದವರ ಮೇಲಿನ ಸಿಟ್ಟನ್ನು ಹೋಗಿ ಬಂದವರ ಮೇಲೆ ತೀರಿಸಿದಂತಾಯಿತು. ಜನಕ್ಕೆ ಬೇಡವಾದ ಯುದ್ಧಗಳಲ್ಲಿ ಎಲ್ಲ ಕಡೆ ಆಗುವುದು ಇದೇ.

ಹಾಗಾದರೆ ಸರ್ಕಾರವನ್ನು ಬದಲಾಯಿಸಿ ಯುದ್ಧ ನಿಲ್ಲಿಸಿದರಲ್ಲ, ಓಟು ಕೆಲಸ ಮಾಡಿತಲ್ಲ ಅನ್ನಬಹುದು. 1989ರ ಫಲಿತಾಂಶವನ್ನು ಸರಿಯಾಗಿ ಓದಿ. ಆ ಚುನಾವಣೆ ನಡೆದದ್ದು ಬೊಫೋರ್ಸ್ ಮೇಲೆ. ಯುದ್ಧಕ್ಕೆ ಅತಿ ಹತ್ತಿರದ ರಾಜ್ಯ ತಮಿಳುನಾಡು. ಅಲ್ಲಿ ಸೈನ್ಯ ಕಳಿಸಿದ ಕಾಂಗ್ರೆಸ್ಸು ಅಣ್ಣಾ ಡಿಎಂಕೆ ಜೊತೆಗೂಡಿ ಹೆಚ್ಚುಕಡಿಮೆ ಎಲ್ಲ ಸ್ಥಾನ ಗೆದ್ದಿತು. ನಮ್ಮ ಕರ್ನಾಟಕದಲ್ಲಿ 28ರಲ್ಲಿ 27. ಒಂದು ಓಟಿನಲ್ಲಿ ಬೆಲೆ, ಜಾತಿ, ನೀರು, ರಸ್ತೆ, ಅಭ್ಯರ್ಥಿಯ ಮುಖ ಎಲ್ಲ ಸೇರಿರುತ್ತವೆ. ಅದರೊಳಗಿಂದ ಯುದ್ಧ ಬೇಕೋ ಬೇಡವೋ ಅನ್ನುವುದನ್ನು ಹೆಕ್ಕಿ ತೆಗೆಯುವುದು ಚುರಮುರಿಯಿಂದ ಉಪ್ಪನ್ನು ಬೇರೆ ಮಾಡಿದ ಹಾಗೆ.

ಅಮೆರಿಕದಲ್ಲೂ ಇದೇ ಕತೆ. ವಿಯೆಟ್ನಾಂ ಯುದ್ಧದ ಬಗ್ಗೆ ಗ್ಯಾಲಪ್ ಸಂಸ್ಥೆ ಒಂದೇ ಪ್ರಶ್ನೆಯನ್ನು ವರ್ಷವರ್ಷವೂ ಕೇಳುತ್ತಾ ಹೋಯಿತು: ಸೈನ್ಯ ಕಳಿಸಿದ್ದು ತಪ್ಪಾಯಿತೆ? 1965ರಲ್ಲಿ ನೂರಕ್ಕೆ 24 ಜನ ತಪ್ಪು ಅಂದರು. 1968ರ ಆಗಸ್ಟಿನಲ್ಲಿ 53. ಅಂದರೆ ಅವತ್ತಿಗೇ ಬಹುಮತ ಬೇಡ ಅಂದಾಗಿತ್ತು. ಅದಾದ ಮೇಲೂ ಅಮೆರಿಕನ್ನರೇ 20 ಸಾವಿರಕ್ಕೂ ಹೆಚ್ಚು ಜನ ಸತ್ತರು, ವಿಯೆಟ್ನಾಮೀಯರು ಅದರ ಎಷ್ಟೋ ಪಟ್ಟು. ನಡುವೆ 1972ರಲ್ಲಿ ಚುನಾವಣೆ ಬಂತು. ಯುದ್ಧ ನಡೆಸುತ್ತಿದ್ದ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು!

ಆದರೆ ಅಲ್ಲಿ ಎರಡು ಹಿಡಿಕೆಗಳಿದ್ದವು, ಜನ ಮತ್ತು ಹಣ. ಜನದ ಹಿಡಿಕೆ ಕಡ್ಡಾಯ ಸೈನಿಕ ಭರ್ತಿ. ಕಾಲೇಜಿಗೆ ಸೇರಿದವರಿಗೆ ವಿನಾಯಿತಿ ಇದ್ದಷ್ಟು ದಿನ ಹೋಗುತ್ತಿದ್ದವರು ಹೆಚ್ಚಾಗಿ ಬಡವರ ಮಕ್ಕಳು. ಇದು ನ್ಯಾಯವಲ್ಲ ಅನ್ನುವ ಗದ್ದಲಕ್ಕೆ ಉತ್ತರವಾಗಿ 1969ರ ಡಿಸೆಂಬರ್ 1ರಂದು ಟಿ.ವಿ.ಯಲ್ಲಿ ಚೀಟಿ ಎತ್ತಿದರು. 366 ಪ್ಲಾಸ್ಟಿಕ್ ಗುಳಿಗೆ, ಒಂದೊಂದರಲ್ಲಿ ಒಂದು ಜನ್ಮದಿನ. ಮೊದಲು ಬಂದ ದಿನಾಂಕದವರಿಗೆ ಮೊದಲು ಕರೆ. ಮೊದಲು ಬಂದದ್ದು ಸೆಪ್ಟೆಂಬರ್ 14. ಈಗ ತಪ್ಪಿದ್ದು ಎಲ್ಲಿ ನೋಡಿ. ಗುಳಿಗೆಗಳನ್ನು ಪೆಟ್ಟಿಗೆಗೆ ಹಾಕಿದ್ದು ತಿಂಗಳ ಲೆಕ್ಕದಲ್ಲಿ: ಮೊದಲು ಜನವರಿ, ಆಮೇಲೆ ಫೆಬ್ರುವರಿ ಹಾಕಿ ಕಲಸು, ಮಾರ್ಚ್ ಹಾಕಿ ಕಲಸು. ಹೀಗೆ ಜನವರಿಯ ಗುಳಿಗೆ ಹತ್ತಾರು ಸಲ ಕಲಸಿತು, ಡಿಸೆಂಬರಿನದು ಒಂದೇ ಸಲ. ಚಿತ್ರಾನ್ನಕ್ಕೆ ಕೊನೆಯಲ್ಲಿ ಉದುರಿಸಿದ ಕೊಬ್ಬರಿ ಮೇಲೇ ನಿಲ್ಲುವ ಹಾಗೆ ಡಿಸೆಂಬರಿನವು ಮೇಲೇ ನಿಂತವು. ಡಿಸೆಂಬರಿನ 31 ದಿನಗಳಲ್ಲಿ 26 ಮೊದಲ ಅರ್ಧದಲ್ಲೇ ಬಂದುಬಿಟ್ಟವು. ಸಂಖ್ಯಾಶಾಸ್ತ್ರದವರು ಎಷ್ಟೋ ವರ್ಷ ಇದನ್ನು ಪಾಠದಲ್ಲಿ ಹೇಳಿದರು. ಮರುವರ್ಷದ ಚೀಟಿಗೆ ಕಲಸುವ ಕ್ರಮವನ್ನೇ ಬದಲಾಯಿಸಬೇಕಾಯಿತು. ಆದರೆ ಚೀಟಿಯಿಂದ ಇನ್ನೊಂದಾಯಿತು: ಯುದ್ಧ ಪ್ರತಿ ಮನೆಯ ಜಾತಕದೊಳಗೆ ಹೋಯಿತು. ಇದನ್ನು ಸರ್ಕಾರವೂ ಅರ್ಥಮಾಡಿಕೊಂಡಿತು. 1973ರಲ್ಲಿ ಕಡ್ಡಾಯ ಭರ್ತಿಯನ್ನೇ ಕೈಬಿಟ್ಟಿತು.

ನಮ್ಮಲ್ಲಿ ಆ ಹಿಡಿಕೆ ಮೊದಲಿನಿಂದಲೂ ಇಲ್ಲ. ನಮ್ಮ ಊರುಗಳ ಹುಡುಗರು ತಾವಾಗಿ ಹೋಗುತ್ತಾರೆ. ಬೆಳಗಿನ ಜಾವ ರಸ್ತೆಯಲ್ಲಿ ಓಡುತ್ತಿರುತ್ತಾರಲ್ಲ, 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಟ್ಟಿದರೆ ಪೂರ್ತಿ ಅಂಕ, ಅದಕ್ಕಾಗಿ. ಆ ಓಟವನ್ನು ಯುದ್ಧಕ್ಕೆ ಒಪ್ಪಿಗೆ ಅಂತ ಲೆಕ್ಕ ಹಾಕಬೇಡಿ. ಅದು ನೌಕರಿಯ ಓಟ.

ಉಳಿದದ್ದು ಹಣದ ಹಿಡಿಕೆ. ಅಮೆರಿಕದ ಸಂಸತ್ತು, ಅಂದರೆ ಅಲ್ಲಿಯ ಕಾಂಗ್ರೆಸ್ಸು, ಕೊನೆಗೆ ಹಿಡಿದದ್ದು ಅದನ್ನೇ. 1973ರ ಜೂನ್‌ನಲ್ಲಿ ಕಾಂಬೋಡಿಯಾ ಬಾಂಬ್ ದಾಳಿಗೆ ಹಣ ಬೇಡ ಅನ್ನುವ ಷರತ್ತನ್ನು ಖರ್ಚಿನ ಮಸೂದೆಗೇ ಕಟ್ಟಿದರು. ನಿಕ್ಸನ್ ವೀಟೊ ಹಾಕಿದರು. ಮಸೂದೆ ಬಿದ್ದರೆ ಸರ್ಕಾರದ ಬೇರೆ ಖರ್ಚಿಗೂ ಹಣವಿಲ್ಲ; ಹಾಗಾಗಿ ರಾಜಿಗೆ ಬಂದರು. ವಿಯೆಟ್ನಾಂ, ಕಾಂಬೋಡಿಯಾ ಇರುವ ಇಂಡೋಚೀನಾದಲ್ಲಿ ಯಾವ ಸೈನಿಕ ಕಾರ್ಯಕ್ಕೂ ಆಗಸ್ಟ್ 15ರ ನಂತರ ಒಂದು ಕಾಸಿಲ್ಲ. ಆ ದಿನ ಬಾಂಬ್ ನಿಂತಿತು. ಎಷ್ಟೋ ವರ್ಷದ ಮೆರವಣಿಗೆಗಳಿಂದ ಆಗದ್ದು ಖರ್ಚಿನ ಮಸೂದೆಯ ಒಂದು ಕಲಮಿನಿಂದ ಆಯಿತು. ಆದರೆ ಮೆರವಣಿಗೆಗಳಿಲ್ಲದಿದ್ದರೆ ಆ ಕಲಮು ಬರೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ, ಅದನ್ನೂ ಹೇಳಬೇಕು.

ನಮ್ಮ ಲೋಕಸಭೆಯಲ್ಲಿ ಈ ಹಿಡಿಕೆ ಇದೆಯೆ? ಕಾಗದದ ಮೇಲೆ ಭದ್ರವಾಗಿದೆ. ಸರ್ಕಾರದ ಖಜಾನೆಯಾದ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಸಂಸತ್ತಿನ ಕಾನೂನು ಬೇಕು. ರಕ್ಷಣೆಯ ಹಣ ನಾಲ್ಕು ಬೇಡಿಕೆಗಳಾಗಿ, ಅಂದರೆ ಸರ್ಕಾರ ಸದನದ ಮುಂದಿಡುವ ಹಣದ ಕೋರಿಕೆಗಳಾಗಿ, ಬರುತ್ತದೆ: ಮಂತ್ರಾಲಯದ ನಾಗರಿಕ ಖರ್ಚು, ಸೇನೆಯ ದಿನನಿತ್ಯದ ಖರ್ಚು, ಆಯುಧ ಖರೀದಿಯ ಬಂಡವಾಳ, ಪಿಂಚಣಿ. 2025-26ಕ್ಕೆ ಒಟ್ಟು 6.81 ಲಕ್ಷ ಕೋಟಿ. ಸರ್ಕಾರದ ನೀತಿಯೇ ತಪ್ಪು ಅನ್ನಿಸಿದರೆ ಸದಸ್ಯರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅಂತ ಸೂಚನೆ ಕೊಡಬಹುದು. ಒಂದು ನಿರ್ದಿಷ್ಟ ಕುಂದುಕೊರತೆ ಹೇಳಬೇಕಿದ್ದರೆ 100 ರೂಪಾಯಿ ಕಡಿಮೆ ಮಾಡಿ ಅನ್ನಬಹುದು. ನೂರು ರೂಪಾಯಿಯಿಂದ ಸೈನ್ಯಕ್ಕೇನೂ ನಷ್ಟವಿಲ್ಲ. ಅದು ಮಾತಾಡಲು ಕೊಡುವ ಚೀಟಿ.

ಕೆಡುವುದು ಎರಡು ಕಡೆ. ಒಂದು, ಗಿಲೊಟಿನ್. ಚರ್ಚೆಗೆ ಗೊತ್ತುಮಾಡಿದ ಕೊನೆಯ ದಿನ, ಗೊತ್ತುಮಾಡಿದ ಹೊತ್ತಿಗೆ, ಉಳಿದ ಎಲ್ಲ ಬೇಡಿಕೆಗಳನ್ನೂ ಸ್ಪೀಕರ್ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. 2018ರಲ್ಲಿ ಮತ್ತು 2023ರಲ್ಲಿ ಗದ್ದಲದ ನಡುವೆ ಒಂದೂ ಬೇಡಿಕೆಯ ಚರ್ಚೆಯಾಗದೆ ಇಡೀ ಬಜೆಟ್ ಹೀಗೇ ಪಾಸಾಯಿತು. ಗದ್ದಲ ಮಾಡಿದ ವಿರೋಧ ಪಕ್ಷಕ್ಕೂ ಇದರಲ್ಲಿ ಪಾಲಿದೆ ಅನ್ನುವುದನ್ನು ಮರೆಯಬೇಡಿ.

ಎರಡನೆಯದು ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆ. ಇಂಗ್ಲೆಂಡಿನಲ್ಲಿ 2003ರ ಮಾರ್ಚ್ 18ರಂದು ಇರಾಕ್ ಯುದ್ಧದ ಮೇಲೆ ಮತ ಹಾಕಿದಾಗ ಆಳುವ ಲೇಬರ್ ಪಕ್ಷದ 139 ಸದಸ್ಯರು ತಮ್ಮ ಪ್ರಧಾನಿಯ ವಿರುದ್ಧ ನಿಂತರು. ಸೋತರು, ಯುದ್ಧ ನಡೆಯಿತು. ಆದರೆ ಒಬ್ಬರ ಸ್ಥಾನವೂ ಅದಕ್ಕಾಗಿ ಹೋಗಲಿಲ್ಲ. ನಮ್ಮಲ್ಲಿ 1985ರ 52ನೆಯ ತಿದ್ದುಪಡಿ ಹತ್ತನೆಯ ಅನುಸೂಚಿ ತಂದಿತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಹದಿನೈದು ದಿನದೊಳಗೆ ಪಕ್ಷ ಕ್ಷಮಿಸದಿದ್ದರೆ, ಸದಸ್ಯತ್ವವೇ ರದ್ದಾಗಬಹುದು. ತಂದದ್ದು ಆಯಾರಾಂ ಗಯಾರಾಂಗಳನ್ನು ತಡೆಯಲು, ಒಳ್ಳೆಯದೇ. ಅಡ್ಡಪೆಟ್ಟು ಬಿದ್ದದ್ದು ಇಲ್ಲಿ: ಧಾರವಾಡದ ಅಷ್ಟೂ ಮತದಾರರು ಒಂದು ಯುದ್ಧ ಬೇಡ ಅಂದರೂ, ಧಾರವಾಡದ ಸಂಸದರು ಯಾವ ಪಕ್ಷದವರೇ ಇರಲಿ, ಪಕ್ಷ ಹೂಂ ಅಂದರೆ ಹೂಂ ಅನ್ನಲೇಬೇಕು. ಯುದ್ಧಕ್ಕೆ ಹೋಗುವಾಗ ಅವರನ್ನು ಕೇಳುವುದಿಲ್ಲ. ಹಣ ಕೇಳುವಾಗ ಅವರು ಇಲ್ಲ ಅನ್ನುವಂತಿಲ್ಲ.

ಕೇಳಿಸಿಕೊಂಡದ್ದೇ ಇಲ್ಲವೆ? ಇದೆ. 2003ರಲ್ಲೇ. ಇರಾಕಿಗೆ ಒಂದು ಡಿವಿಷನ್, ಸುಮಾರು 17 ಸಾವಿರ ಸೈನಿಕರನ್ನು ಕಳಿಸಿ ಅಂತ ಅಮೆರಿಕ ನಮ್ಮನ್ನು ಕೇಳಿತು. ಅದಕ್ಕೂ ಮೊದಲು ಏಪ್ರಿಲ್ 8ರಂದು ಲೋಕಸಭೆ ಆ ಯುದ್ಧದ ವಿರುದ್ಧ ನಿರ್ಣಯ ಮಾಡಿತ್ತು. ಆ ನಿರ್ಣಯದ ಜಗಳವೇ ಒಂದು ಸ್ವಾರಸ್ಯ. ವಿರೋಧ ಪಕ್ಷಕ್ಕೆ ಖಂಡಿಸುವ ಶಬ್ದ ಬೇಕು, ಸರ್ಕಾರಕ್ಕೆ ಅಮೆರಿಕ ಮುನಿಯದ ಶಬ್ದ ಬೇಕು. ಹಿಂದಿಯಲ್ಲಿ ‘ನಿಂದಾ’ ಅಂತ ಹಾಕಿ, ಇಂಗ್ಲಿಷಿನಲ್ಲಿ ಅದಕ್ಕಿಂತ ಮೆತ್ತಗಿನ, ವಿಷಾದದ ಹತ್ತಿರದ ಶಬ್ದ ಇಟ್ಟರು. ಇಬ್ಬರೂ ಗೆದ್ದರು. ಕನ್ನಡದಲ್ಲಿ ನಿಂದೆ ಅಂದರೆ ಬೈಗುಳಕ್ಕೇ ಹತ್ತಿರ, ನಿಂದಾಸ್ತುತಿ ಬರೆದ ನಮ್ಮ ದಾಸರನ್ನು ಕೇಳಿದ್ದರೆ ಇನ್ನೂ ಚೆನ್ನಾಗಿ ಹೊಂದಿಸುತ್ತಿದ್ದರು! ಇರಲಿ. ಜುಲೈ 14ರಂದು ವಾಜಪೇಯಿ ಸರ್ಕಾರದ ಭದ್ರತಾ ಸಂಪುಟ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯ ಕಳಿಸುವುದಿಲ್ಲ ಅಂದಿತು. 1987ಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂದರೆ, ಇಲ್ಲಿ ವಾದ ನಡೆದದ್ದು ಸೈನಿಕರು ಹಡಗು ಹತ್ತುವ ಮೊದಲು. ಹತ್ತಿದ ಮೇಲೆ ‘ನಮ್ಮ ಹುಡುಗರು ಗಡಿಯಾಚೆ ಇದ್ದಾಗ ಪ್ರಶ್ನೆ ಕೇಳುತ್ತೀರಾ’ ಅನ್ನುವ ಒಂದೇ ಮಾತು ಎಲ್ಲರ ಬಾಯಿ ಕಟ್ಟುತ್ತದೆ.

ಸಭೆಯಿಂದ ಒಂದು ಚೀಟಿ ಬಂದಿದೆ: ಲೋಕಸಭೆಗೆ ನಾವೇ ಅರ್ಜಿ ಕೊಡಬಹುದೆ? ಕೊಡಬಹುದು, ಅರ್ಜಿಗಳ ಸಮಿತಿ ಅಂತಲೇ ಇದೆ. ಆದರೆ ‘ಯುದ್ಧ ನಿಲ್ಲಿಸಿ’ ಅಂತ ಬರೆದರೆ ಬಿದ್ದುಹೋಗುತ್ತದೆ. ಸದನದಲ್ಲಿ ನಿರ್ಣಯವಾಗಿ ತರಬಹುದಾದ ವಿಷಯಕ್ಕೆ, ಕೋರ್ಟಿನಲ್ಲಿರುವ ವಿಷಯಕ್ಕೆ, ಬೇರೆ ಕಾನೂನಿನಲ್ಲಿ ಪರಿಹಾರವಿರುವ ವಿಷಯಕ್ಕೆ ಸಾರ್ವಜನಿಕ ಹಿತದ ಅರ್ಜಿ ನಿಲ್ಲುವುದಿಲ್ಲ. ಸದನದ ಮುಂದೆ ಆಗಲೇ ಇರುವ ಕೆಲಸಕ್ಕೆ ಸಂಬಂಧಿಸಿ ಬರೆಯಿರಿ: ಇಂಥ ಪೂರಕ ಬೇಡಿಕೆ (ಬಜೆಟ್ಟಿನ ಹಣ ಸಾಲದೇ ಮತ್ತೆ ಕೇಳುವ ಹಣ) ಬಂದಿದೆ, ಅದನ್ನು ಚರ್ಚೆಯಿಲ್ಲದೆ ಮತಕ್ಕೆ ಹಾಕಬೇಡಿ ಅಂತ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಅನುವಾದಕ್ಕೂ ಅರ್ಜಿದಾರರ ಸಹಿ ಬೇಕು. ಸಂಸದರ ಮೂಲಕ ಕೊಟ್ಟರೆ ಅವರ ಮೇಲುಸಹಿ. ಅವರು ಒಲ್ಲೆ ಅಂದರೆ ನೇರವಾಗಿ ಮಹಾಕಾರ್ಯದರ್ಶಿಗೆ ಕಳಿಸಿ. ಪತ್ರಿಕೆಯ ತುಣುಕು, ಪ್ರಮಾಣಪತ್ರ ಏನನ್ನೂ ಲಗತ್ತಿಸಬೇಡಿ. ಸಹಿ ಜೊತೆ ಪೂರ್ತಿ ಹೆಸರು, ವಿಳಾಸ; ಸಹಿ ಬರದವರದು ಹೆಬ್ಬೆಟ್ಟು. ಮತ್ತೆ, ಎಲ್ಲರೂ ಎಡವುವುದು ಇಲ್ಲಿ: ಖಾಲಿ ಹಾಳೆಗಳನ್ನು ಓಣಿಗೊಂದರಂತೆ ಹಂಚಿ ಸಹಿ ತಂದು ಹೊಲಿಗೆ ಹಾಕುತ್ತಾರೆ. ಸಹಿಗಳು ಒಂದಕ್ಕಿಂತ ಹೆಚ್ಚು ಹಾಳೆಗೆ ಹೋದರೆ ಪ್ರತಿ ಹಾಳೆಯ ತಲೆಯ ಮೇಲೂ ನಿಮ್ಮ ಅರ್ಜಿಯ ಕೋರಿಕೆಯ ಸಾಲು ಮತ್ತೆ ಇರಬೇಕು. ಹಂಚುವ ಮೊದಲೇ ಅದನ್ನು ಬರೆಸಿಕೊಳ್ಳಿ.